ಗೇಮ್ ಹ್ಯಾಂಗ್ ಆದರೂ ಸೌಂಡ್ ಯಾಕೆ ನಿಲ್ಲುವುದಿಲ್ಲ?

ವಿಜಯಪುರದ ಹುಡುಗ:
ಕಾಕಾ ತಮ್ಮ ಹಳೆ ಟಿವಿ ಗೇಮ್ ನನಗೆ ಕೊಟ್ಟಿದ್ದಾರೆ, ಕ್ಯಾಸೆಟ್ ಹಾಕಿ ಆಡುವಂಥದ್ದು. ಚಲೋ ನಡೆಯುತ್ತದೆ. ಆದರೆ ಕ್ಯಾಸೆಟ್‌ಗೆ ಸ್ವಲ್ಪ ಕೈ ತಾಗಿದರೂ ಚಿತ್ರ ನಿಂತು, ಹಾಡಿನ ಒಂದೇ ಸ್ವರ ಗುಂಯ್ ಅಂತ ಸ್ವಿಚ್ ಆಫ್ ಮಾಡುವ ತನಕ ಎಳೆಯುತ್ತಲೇ ಇರುತ್ತದೆ. ಒಮ್ಮೊಮ್ಮೆ ಗರಗರ ಸದ್ದು, ಅದರೊಳಗೂ ಏನೋ ತಾಳ ಇದ್ದಂಗಿದೆ. ನನಗೆ ಭಾಳ ಹಿಡಿಸಿದೆ. ಇದು ಎಲ್ಲಿಂದ ಬರುತ್ತದೆ? ರೆಕಾರ್ಡ್ ಮಾಡಿಟ್ಟುಕೊಳ್ಳಬೇಕು. ಬೇಕಂತಲೇ ಅಲುಗಾಡಿಸಿದರೆ ಮಷಿನ್‌ಗೆ ಏನೂ ಆಗುವುದಿಲ್ಲ ಅಲ್ವಾ?

ಶಹಾಪುರ ರಿಪೇರಿ, ಬೆಳಗಾವಿ:
ಆಗುತ್ತದೆ ತಮ್ಮಾ. ಪವರ್ ಇದ್ದಾಗ ಪಿನ್ ತಪ್ಪಿ ಶಾರ್ಟ್ ಆದರೆ ಕ್ಯಾಸೆಟ್ಟೂ ಹೋಗಬಹುದು, ಮಷಿನ್ನೂ ಹೋಗಬಹುದು. ಬಾಯಿಂದ ಊದಲೂ ಬೇಡ, ತೇವಕ್ಕೆ ಪಿನ್ ಹಾಳಾಗುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸು.

ನಮ್ಮ ಕಡೆ ಮಾರಿದ ಇಂಥ ಮಷಿನ್ ಹೆಚ್ಚಿನವು ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್‌ನ ನಕಲು. ಅದರಲ್ಲಿ ಸೌಂಡ್‌ಗೆ 5 ಚಾನೆಲ್, ಅಂದರೆ ಒಟ್ಟಿಗೆ ಐದು ಬೇರೆ ಸದ್ದು ನುಡಿಸಬಹುದು. ಪ್ರೋಗ್ರಾಂ ಒಂದು ಸ್ವರ ಹಚ್ಚಿತು ಅಂದರೆ, ಹೆಚ್ಚಾಗಿ ಮುಂದಿನ ಆರ್ಡರ್ ಬರುವ ತನಕ ಚಿಪ್ ಅದನ್ನೇ ನುಡಿಸುತ್ತದೆ. ಪ್ರೋಗ್ರಾಂ ಹ್ಯಾಂಗ್ ಆದ ಮೇಲೆ ನಿಲ್ಲಿಸು ಅನ್ನುವವರೇ ಇಲ್ಲ. ಕ್ಯಾಸೆಟ್ ಅಲುಗಿದ ಗಳಿಗೆಯಲ್ಲಿ ಹಾಡು ಎಲ್ಲಿತ್ತೋ, ಅದೇ ಸ್ವರ ನಿನಗೆ ಕೇಳುವುದು.

ಇಳಕಲ್ ಹುಡುಗಿ:
ಗರಗರ ಸದ್ದಿಗೆ ಇನ್ನೊಂದು ಕಾರಣ ಇರಬಹುದು ರೀ. 5ನೇ ಚಾನೆಲ್ ಕ್ಯಾಸೆಟ್‌ನಲ್ಲಿರುವ ರೆಕಾರ್ಡ್ ಆದ ಸದ್ದಿನ ತುಣುಕು ಓದುತ್ತದೆ, ಡ್ರಮ್ ಥರದ್ದು. ಎಲ್ಲಿಂದ ಓದಬೇಕು ಅನ್ನುವ ಅಡ್ರೆಸ್ ತಪ್ಪಿದರೆ ಡ್ರಮ್ ಬದಲು ಗೇಮ್‌ನ ಕೋಡನ್ನೇ ಓದಿ ನುಡಿಸಿಬಿಡುತ್ತದೆ. ಲೂಪ್ ಆನ್ ಇದ್ದರೆ ಅದೇ ತುಣುಕು ತಿರುತಿರುಗಿ ಬರುತ್ತದೆ. ನಿಮಗೆ ತಾಳ ಅನಿಸಿದ್ದು ಅದೇ ಇದ್ದೀತು.

ಗೇಮ್‌ಬಾಯ್‌ನ (ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಮಷಿನ್) ಮೊದಲ ಪೋಕೆಮಾನ್ ಗೇಮ್‌ಗಳು ನನಗೆ ಇಂಥ ಸದ್ದಿಗೇ ಇಷ್ಟ. 151 ಪೋಕೆಮಾನ್‌ಗಳ ಕೂಗಿಗೆ ಅಲ್ಲಿರುವುದು ಬರೀ 38 ಮೂಲ ಕೂಗು. ಅವುಗಳ ಪಿಚ್ (ಸ್ವರದ ಎತ್ತರ) ಮತ್ತು ಉದ್ದ ಬದಲಿಸಿ ಬೇರೆ ಬೇರೆ ಕೂಗು ಮಾಡಿದ್ದಾರೆ. ಗ್ಲಿಚ್‌ನಿಂದ (ಪ್ರೋಗ್ರಾಂನ ಎಡವಟ್ಟು) ಪಟ್ಟಿಯಲ್ಲೇ ಇಲ್ಲದ ಪೋಕೆಮಾನ್ ಬಂದರೆ, ಸಂಬಂಧವೇ ಇಲ್ಲದ ಯಾವುದೋ ಡೇಟಾವನ್ನು ಪಿಚ್ ಅಂತ ಓದಿಬಿಡಬಹುದು. ಯಾರೂ ಕೂತು ಮಾಡದ ಕೂಗು ಹಾಗೆ ಹುಟ್ಟುತ್ತದೆ.

ಬಾಗಲಕೋಟೆ ಪಿಸಿ:
ಫ್ಯಾಮಿಕಾಮ್ ನಂತರ ಬಂದ 1990ರ ಸೂಪರ್ ಫ್ಯಾಮಿಕಾಮ್‌ನಲ್ಲಿ ಇದರ ಉಲ್ಟಾ. ಸೋನಿ ಮಾಡಿದ ಸೌಂಡ್ ಚಿಪ್‌ಗೆ ತನ್ನದೇ ಪ್ರೊಸೆಸರ್, ತನ್ನದೇ 64 ಕೆಬಿ ಮೆಮೊರಿ. ಆಟ ನಿಂತರೂ ಹಾಡು ಆರಾಮಾಗಿ ಮುಂದುವರಿಯಬಹುದು. ಕಂಪ್ಯೂಟರ್ ಹ್ಯಾಂಗ್ ಆದಾಗ ಬರುವ ಡ್ರ್‌ರ್‌ರ್ ಅಂತೂ ಬಫರ್‌ನಲ್ಲಿ (ನುಡಿಸುವ ಮುಂಚೆ ಸದ್ದು ಇಡುವ ಮೆಮೊರಿ) ಉಳಿದ ಚೂರು ಸುತ್ತುವುದು, ಅಷ್ಟೇ.

ವಿಜಯಪುರದ ಹುಡುಗ:
ಹಂಗಾದರೆ ಅಲುಗಾಡಿಸದೆ ಇಂಥ ಸದ್ದು ಪಡೆಯುವುದು ಹೆಂಗ ಅಣ್ಣಾ?

ಶಹಾಪುರ ರಿಪೇರಿ, ಬೆಳಗಾವಿ:
ಎಮ್ಯುಲೇಟರ್‌ನಲ್ಲಿ ಮಾಡು, ಅಂದರೆ ಕಂಪ್ಯೂಟರ್‌ನಲ್ಲಿ ಈ ಮಷಿನ್‌ನಂತೆ ನಡೆಯುವ ಸಾಫ್ಟ್‌ವೇರ್. ಮೆಮೊರಿಯ ನಂಬರ್ ಬದಲಿಸಲು ಬಿಡುವಂಥವು ಇವೆ. ಒಂದೊಂದೇ ಬದಲಿಸಿ ಕೇಳು, ಕಂಪ್ಯೂಟರ್‌ನಲ್ಲೇ ರೆಕಾರ್ಡ್ ಮಾಡು. ಯಾವ ನಂಬರ್ ಬದಲಿಸಿದೆ ಅಂತ ಬರೆದಿಟ್ಟುಕೋ, ಇಲ್ಲಾಂದ್ರೆ ಅದೇ ಸದ್ದು ಮತ್ತೆ ಸಿಗುವುದು ಕಷ್ಟ. ಆಮೇಲೆ ಇಲ್ಲಿ ಹಾಕು, ನಾವೂ ಕೇಳುತ್ತೇವೆ.