ಗೊತ್ತಿಲ್ಲದವರ ಜೊತೆ ಕೋ-ಆಪ್ (ಒಂದೇ ತಂಡವಾಗಿ ಆಡುವ) ಗೇಮ್ ಆಡುವಾಗ ಹೇಗಿರಬೇಕು? ತಿಳಿದವರು ಹೇಳಿ

ಕೇಳಿದವರು: ಶಿರಾದಿಂದ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಒಬ್ಬರೇ ಆಡುವ ಗೇಮ್ ಮಾತ್ರ ಗೊತ್ತಿತ್ತು. ಈಗ ಡೀಪ್ ರಾಕ್ ಗ್ಯಾಲಕ್ಟಿಕ್, ಲೆಫ್ಟ್ 4 ಡೆಡ್ 2, ಮೈನ್‌ಕ್ರಾಫ್ಟ್ ಮೂರನ್ನೂ ಪರಿಚಯ ಇಲ್ಲದವರ ರೂಮಿಗೆ ಸೇರಿ ಆಡ್ತಿದ್ದೀನಿ. ಕೆಲವು ಸಲ ಒಂದು ಮಾತೂ ಹೇಳದೆ ಕಿಕ್ ಮಾಡ್ತಾರೆ, ಅಂದ್ರೆ ರೂಮಿನಿಂದ ಹೊರಗೆ ಹಾಕ್ತಾರೆ. ಯಾವುದನ್ನು ಹಂಚಿಕೊಳ್ಳಬೇಕು, ಯಾವುದನ್ನು ಮುಟ್ಟಬಾರದು, ಮಧ್ಯೆ ಕರೆಂಟ್ ಹೋದರೆ ಏನು ಮಾಡಬೇಕು? ದಯವಿಟ್ಟು ಬಿಡಿಸಿ ಹೇಳಿ.

ಮುಳಬಾಗಿಲಿನಿಂದ

ಡೀಪ್ ರಾಕ್ ಬಗ್ಗೆ ನಾನು ಹೇಳ್ತೀನಿ. ನಾಲ್ಕು ಜನ ಗುಹೆಗಿಳಿದು ಖನಿಜ ಅಗೆಯುತ್ತಾ ಹುಳಗಳ ಜೊತೆ ಹೊಡೆದಾಡೋ ಆಟ ಅದು. ಚಿನ್ನವನ್ನಾಗಲಿ ಬೇರೆ ಖನಿಜವನ್ನಾಗಲಿ ಯಾರು ಅಗೆದರೂ ಇಡೀ ತಂಡದ ಲೆಕ್ಕಕ್ಕೆ ಸೇರುತ್ತೆ, ಅದಕ್ಕೆ ಓಡಿಹೋಗಿ ಮುಗಿಬೀಳೋದು ಬೇಡ. ಜಗಳ ಆಗೋದೆಲ್ಲ ನೈಟ್ರಾ ಅನ್ನೋ ಕೆಂಪು ಖನಿಜದ ವಿಷಯಕ್ಕೆ. 80 ನೈಟ್ರಾ ಸೇರಿದರೆ ಒಂದು ರೀಸಪ್ಲೈ ಪಾಡ್, ಅಂದ್ರೆ ಗುಂಡು ತರೋ ಪೆಟ್ಟಿಗೆ, ಕರೆಸಬಹುದು. ಅದರಲ್ಲಿ ನಾಲ್ಕು ಪೊಟ್ಟಣ, ತಲೆಗೊಂದು. ಒಂದು ಪೊಟ್ಟಣಕ್ಕೆ ಅರ್ಧದಷ್ಟು ಗುಂಡು ತುಂಬುತ್ತೆ. ಒಬ್ಬರೇ ಆಡಿ ಅಭ್ಯಾಸ ಆದವರು ಕೈ ತಡೆಯದೆ ಎರಡು ತೆಗೆದುಬಿಡ್ತಾರೆ. ಅಲ್ಲಿಗೆ ನಾಲ್ಕನೆಯವನು ಖಾಲಿ ಬಂದೂಕು ಹಿಡ್ಕೊಂಡು ನಿಲ್ಲಬೇಕು. ನಿಮ್ಮನ್ನು ಮಾತಿಲ್ಲದೆ ಹೊರಗೆ ಹಾಕಿದ್ದಕ್ಕೆ ಇದೇ ಕಾರಣ ಇರಬಹುದು ಅನ್ಸುತ್ತೆ. ಎರಡನೇದು ಬೇಕೇಬೇಕು ಅಂದ್ರೆ ಚಾಟ್‌ನಲ್ಲಿ ಕೇಳಿ, ಯಾರಾದರೂ 'ನನ್ನದು ತಗೋ' ಅಂದ್ಮೇಲೆ ಮುಟ್ಟಿ.

ನಮ್ಮ ಕಡೆ ಕೆರೆ ನೀರು ಬಿಡೋಕೆ ನೀರುಗಂಟಿ ಇರ್ತಿದ್ದರು. ಯಾರ ಗದ್ದೆಗೆ ಎಷ್ಟು ಹೊತ್ತು ಅನ್ನೋದು ಅವರ ಲೆಕ್ಕ, ತೂಬನ್ನು ಬೇರೆಯವರು ಮುಟ್ಟೋ ಹಾಗಿಲ್ಲ. ನೈಟ್ರಾಕ್ಕೂ ಹಾಗೇ ಒಬ್ಬರು ಲೆಕ್ಕ ಇಟ್ಕೊಂಡರೆ ಒಳ್ಳೇದು, ಸಾಮಾನ್ಯವಾಗಿ ಹೋಸ್ಟ್, ಅಂದ್ರೆ ರೂಮು ತೆರೆದವರು. 80 ಆದ ತಕ್ಷಣ ಪಾಡ್ ಕರೆಸಬೇಡಿ. ನಾಲ್ವರಲ್ಲಿ ಮೂವರದ್ದಾದರೂ ಗುಂಡು ಅರ್ಧಕ್ಕಿಂತ ಕೆಳಗೆ ಇಳಿದಿರಲಿ. ತುಂಬಿದ ಬಂದೂಕಿಗೆ ಪೊಟ್ಟಣ ತಗೊಂಡರೆ ದಂಡ. ಇನ್ನೊಂದು, ಪಾಡ್ ಮೇಲಿಂದ ಬೀಳುತ್ತೆ, ಕೆಳಗೆ ನಿಂತವರ ಪ್ರಾಣಕ್ಕೇ ಬರಬಹುದು. ಜನ ಇಲ್ಲದ ಸಮತಟ್ಟು ಜಾಗ ನೋಡಿ ಗುರುತು ಹಾಕಿ.

ಕೆಂಪು ಸಕ್ಕರೆ ಅಂದ್ರೆ ರೆಡ್ ಶುಗರ್ ಕಂಡರೆ ಮೊದಲು ತಂಡದವರ ಆರೋಗ್ಯದ ಪಟ್ಟಿ ನೋಡಿ, ಯಾರದ್ದು ಕಡಿಮೆಯೋ ಅವರಿಗೆ ಬಿಡಿ. ಲೇಸರ್ ಪಾಯಿಂಟರ್‌ನಿಂದ ತೋರಿಸಿದರೆ ಸಾಕು, ಹೆಸರು ತಾನೇ ಬರುತ್ತೆ, ಟೈಪ್ ಮಾಡೋ ಕೆಲಸ ಇಲ್ಲ. ಆಟಗಾರರು ಆರಿಸಿಕೊಳ್ಳೋ ಪಾತ್ರಗಳಲ್ಲಿ ಎಂಜಿನಿಯರ್, ಸ್ಕೌಟ್, ಡ್ರಿಲ್ಲರ್ ಅಂತ ಇವೆ. ಎತ್ತರದ ಗೋಡೆಯಲ್ಲಿ ನೈಟ್ರಾ ಇದ್ದರೆ ಎಂಜಿನಿಯರ್ ಅದರ ಸರಿಯಾಗಿ ಕೆಳಗೆ ಒಂದು ಪ್ಲಾಟ್‌ಫಾರ್ಮ್ ಹೊಡೀತಾನೆ, ಸ್ಕೌಟ್ ಹಗ್ಗ ಎಸೆದು ಹತ್ತಿ ಅಗೀತಾನೆ. ನೀವು ಎಂಜಿನಿಯರ್ ಆಗಿದ್ದು ಪ್ಲಾಟ್‌ಫಾರ್ಮನ್ನು ಖನಿಜದ ಮೇಲೇ ಹೊಡೆದರೆ ಸ್ಕೌಟ್‌ಗೆ ನಿಲ್ಲೋಕೂ ಜಾಗ ಇರಲ್ಲ, ಅಗೆಯೋಕೂ ಆಗಲ್ಲ. ಡ್ರಿಲ್ಲರ್ ಆಗಿದ್ದರೆ ಸಿ4 ಬಾಂಬ್ ಸಿಡಿಸೋ ಮುಂಚೆ ಸುತ್ತ ನೋಡಿ. ಅದು ಹುಳ, ಗೆಳೆಯ ಅಂತ ಭೇದ ಮಾಡಲ್ಲ.

ಕೊನೇದು ವಾಪಸ್ ಹೋಗೋ ಗುಂಡಿ. ಒತ್ತಿದರೆ ನಮ್ಮನ್ನು ಕರ್ಕೊಂಡು ಹೋಗೋ ಡ್ರಾಪ್ ಪಾಡ್ ಬರುತ್ತೆ, ಅಷ್ಟರೊಳಗೆ ಎಲ್ಲರೂ ಹತ್ತಬೇಕು, ಸಮಯ ಓಡ್ತಾ ಇರುತ್ತೆ. ಆಗ ಒಬ್ಬರು ದೂರದ ಗುಹೆಯಲ್ಲಿ ಎರಡನೇ ಗುರಿಯ ಸಾಮಾನು ಹುಡುಕ್ತಾ ಇರಬಹುದು. ಅದಕ್ಕೇ ಗುಂಡಿ ಹೋಸ್ಟ್‌ಗೆ ಬಿಡಿ. ನೀವೇ ಒತ್ತೋದಾದರೆ 'ರೆಡಿನಾ?' ಅಂತ ಕೇಳಿ, ಮೂವರ ಉತ್ತರಕ್ಕೂ ಕಾಯಿರಿ. ಉತ್ತರ ಬರಲಿಲ್ಲ ಅಂದ್ರೆ ಒಪ್ಪಿದರು ಅಂತಲ್ಲ.

ತಿಪಟೂರಿನಿಂದ

ಲೆಫ್ಟ್ 4 ಡೆಡ್ 2, ನಾಲ್ವರು ಜೊತೆಯಾಗಿ ಜೋಂಬಿಗಳಿಂದ ತಪ್ಪಿಸಿಕೊಳ್ಳುವ 2009ರ ಗೇಮ್. ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುವುದರಿಂದ ಹೊಸಬರು ಈಗಲೂ ಬರುತ್ತಾರೆ, ಹಳಬರಿಗೆ ತಾಳ್ಮೆ ಕಡಿಮೆ. ಅಲ್ಲಿ ಮುಖ್ಯವಾದದ್ದು ಮೆಡ್‌ಕಿಟ್ ಲೆಕ್ಕ. ಕಿಟ್ ಬಳಸಿದರೆ ಕಳೆದುಹೋದ ಆರೋಗ್ಯದ ಶೇ. 80ರಷ್ಟು ವಾಪಸ್ ಬರುತ್ತದೆ. ಆರೋಗ್ಯ 100ಕ್ಕೆ 70 ಇರುವಾಗ ಬಳಸಿದರೆ ಸಿಗುವುದು 24 ಮಾತ್ರ. 20 ಇರುವಾಗ ಬಳಸಿದರೆ 64. ಹಾಗಾಗಿ ಸಣ್ಣ ಗಾಯಕ್ಕೆ ಕಿಟ್ ಬಿಚ್ಚಬೇಡಿ, ಮಾತ್ರೆ ಸಾಕು. ಮಾತ್ರೆಯ 50 ತಾತ್ಕಾಲಿಕ, ನಿಧಾನವಾಗಿ ಇಳಿಯುತ್ತದೆ, ಆದರೆ ಆ ಹೊತ್ತಿಗೆ ಓಡಲು ಆಗುತ್ತದೆ.

ಎರಡು ಸಲ ಬಿದ್ದು ಎದ್ದವರಿಗೆ ಪರದೆ ಕಪ್ಪು-ಬಿಳುಪು ಆಗುತ್ತದೆ. ಮೂರನೇ ಸಲ ಬಿದ್ದರೆ ಸಾವು. ಅಂಥವರಿಗೆ ಕಿಟ್ ಕೊಡುವುದೇ ಈ ಆಟದ ದೊಡ್ಡ ಮರ್ಯಾದೆ, ನಿಮ್ಮ ಆರೋಗ್ಯ ಅವರಿಗಿಂತ ಕಡಿಮೆ ಕಂಡರೂ ಸರಿ. ಕಿಟ್ ಕೈಯಲ್ಲಿ ಹಿಡಿದು ಅವರ ಕಡೆ ತಿರುಗಿ ಮೌಸ್‌ನ ಬಲಗುಂಡಿ ಒತ್ತಿ ಹಿಡಿಯಿರಿ. ಮಾತ್ರೆಯನ್ನೂ ಹೀಗೇ ದಾಟಿಸಬಹುದು. ಹೊಸಬರಲ್ಲಿ ಇದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ.

ಮುಂದೆ ಇದ್ದವರು ಕೂರಬೇಕು, ಹಿಂದಿನವರು ತಲೆಯ ಮೇಲಿಂದ ಹೊಡೆಯುತ್ತಾರೆ. ಬಾಗಿಲಲ್ಲಿ ನೆಟ್ಟಗೆ ನಿಂತರೆ ಬೆನ್ನಿಗೆ ಗುಂಡು ಬೀಳುತ್ತದೆ, ಅದಕ್ಕೆ ಹೊಡೆದವರನ್ನು ಬೈಯುವುದು ಸರಿಯಲ್ಲ. ಬೂಮರ್ ಅನ್ನುವ, ಹೊಡೆದರೆ ಸಿಡಿಯುವ ಜೋಂಬಿ ಗೆಳೆಯರ ಪಕ್ಕದಲ್ಲಿದ್ದರೆ ಮೊದಲು ತಳ್ಳಿ, ಆಮೇಲೆ ಹೊಡೆಯಿರಿ. ದೀಪ ಮಿನುಗುವ ಕಾರಿಗೆ ಗುಂಡು ತಾಗಿದರೆ ಅಲಾರಂ ಕೂಗಿ ಹಿಂಡೇ ಬರುತ್ತದೆ. ವಿಚ್ ಅನ್ನುವ ಅಪಾಯದ ಜೋಂಬಿ ಅಳುವುದು ಕೇಳಿದರೆ ಟಾರ್ಚ್ ಆರಿಸಿ ದೂರದಿಂದ ಸುತ್ತಿಕೊಂಡು ಹೋಗಿ.

ಒಬ್ಬರೇ ಮುಂದೆ ಓಡುವುದನ್ನು ಯಾರೂ ಸಹಿಸಲ್ಲ. ಸ್ಮೋಕರ್ ಅನ್ನುವ ಜೋಂಬಿ ನಾಲಿಗೆಯಲ್ಲಿ ಎಳೆದುಕೊಂಡರೆ, ಹಂಟರ್ ಅನ್ನುವ ಜೋಂಬಿ ಮೇಲೆ ಬಿದ್ದರೆ ಇನ್ನೊಬ್ಬರೇ ಬಂದು ಬಿಡಿಸಬೇಕು. ನೀವು ಮುಂದೆ ಓಡಿದಾಗ ಉಳಿದ ಮೂವರೂ ತಮ್ಮ ಕೆಲಸ ಬಿಟ್ಟು ಹಿಂದೆ ಬರಬೇಕಾಗುತ್ತದೆ.

ಚಿಂತಾಮಣಿಯಿಂದ

ಮಾತಿನ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ನಾನು ಬರೀತಿದ್ದೀನಿ. ನಮ್ಮ ಕಡೆ ಕನ್ನಡದ ಜೊತೆ ತೆಲುಗೂ ಬಾಯಲ್ಲೇ ಇರುತ್ತೆ. ರೂಮಿನಲ್ಲಿ ತೆಲುಗಿನವರೊಬ್ಬರು ಸಿಕ್ಕರೆ ಇಬ್ಬರೂ ಅದರಲ್ಲೇ ಮಾತಿಗಿಳೀತಾರೆ, ಉಳಿದ ಇಬ್ಬರು ಹೊರಗಿನವರ ಹಾಗೆ ಆಗಿಬಿಡ್ತಾರೆ. ಆಟದ ಮಾತು ನಾಲ್ವರಿಗೂ ತಿಳಿಯೋ ಭಾಷೆಯಲ್ಲಿ ಆಗಲಿ, ಅಂಥ ಭಾಷೆ ಇಲ್ಲದಿದ್ದರೆ ಗುರುತು ಹಾಕೋ ಗುಂಡಿ ಬಳಸಿ.

'ಎಡಗಡೆ', 'ಬಲಗಡೆ', 'ಇಲ್ಲಿ' ಅಂದ್ರೆ ಪ್ರಯೋಜನ ಇಲ್ಲ. ನೀವು ನೋಡ್ತಿರೋ ದಿಕ್ಕೇ ಬೇರೆ, ಅವರದ್ದೇ ಬೇರೆ. ಬಿಜಿಎಂಐ ತರಹದ ಗೇಮ್‌ನಲ್ಲಿ ಪರದೆ ಮೇಲೆ ದಿಕ್ಸೂಚಿಯ ಅಂಕಿ ಇದೆ. ಅಂಕಿ, ದೂರ, ಏನು ಕಂಡಿತು, ಈ ಮೂರನ್ನೇ ಹೇಳಿ: '240, ಹತ್ತಿರ, ಇಬ್ಬರು.' ದಿಕ್ಸೂಚಿ ಇಲ್ಲದ ಗೇಮ್‌ನಲ್ಲಿ ಎಲ್ಲರಿಗೂ ಕಾಣೋ ವಸ್ತು ಹಿಡಿದು ಹೇಳಿ: 'ಕೆಂಪು ಲಾರಿ ಹಿಂದೆ.' ಹೇಳಿ ಸುಮ್ಮನಾಗಿ. ಕೊನೆಯಲ್ಲಿ ಒಬ್ಬರೇ ಉಳಿದಾಗ ಬಿದ್ದವರು ಮೂರೂ ಕಡೆಯಿಂದ ಕೂಗಿದರೆ ಆ ಉಳಿದವರಿಗೆ ಹೆಜ್ಜೆ ಸದ್ದು ಕೇಳಿಸಲ್ಲ.

ಮೈಕ್ ಯಾವಾಗಲೂ ತೆರೆದಿಡಬೇಡಿ, ಗುಂಡಿ ಒತ್ತಿದಾಗ ಮಾತ್ರ ಮಾತು ಹೋಗೋ ಹಾಗೆ ಸೆಟ್ಟಿಂಗ್ ಮಾಡ್ಕೊಳ್ಳಿ. ಕುಕ್ಕರ್ ವಿಷಲ್ಲು, ಮಿಕ್ಸಿ, ಟಿವಿ, ಪಕ್ಕದ ಮನೆ ರೇಷ್ಮೆ ನೂಲೋ ಯಂತ್ರ ಎಲ್ಲವೂ ಇನ್ನೊಬ್ಬರ ಕಿವಿಗೇ ಬಡಿಯೋದು. ಸ್ಪೀಕರ್‌ನಲ್ಲಿ ಆಡಿದರೆ ಅವರ ದನಿ ಅವರಿಗೇ ವಾಪಸ್ ಕೇಳಿಸುತ್ತೆ, ಇಯರ್‌ಫೋನ್ ಹಾಕ್ಕೊಳ್ಳಿ.

ಮೊದಲ ದಿನವೇ 'ಮಗಾ', 'ಲೇ' ಬೇಡ. 'ಬ್ರೋ' ನಡೆಯುತ್ತೆ, ಆದರೆ ಆ ಕಡೆ ಇರೋದು ಹುಡುಗನೇ ಅಂತ ಏನು ಗ್ಯಾರಂಟಿ? ಪರದೆ ಮೇಲಿನ ಹೆಸರು ಹಿಡಿದು ಕರೆದರೆ ತೊಂದರೆಯೇ ಇಲ್ಲ. ಹೆಣ್ಣು ದನಿ ಕೇಳಿದ ಕೂಡಲೇ 'ಯಾವೂರು', 'ಇನ್‌ಸ್ಟಾ ಇದ್ಯಾ', 'ಏನ್ ಓದ್ತಿದ್ದೀರಾ' ಅಂತ ಶುರು ಮಾಡೋದು ಬಿಡಿ. ಎಷ್ಟೋ ಹುಡುಗಿಯರು ಮೈಕ್ ಮುಟ್ಟದೇ ಆಡೋದಕ್ಕೆ ಇದೇ ಕಾರಣ, ತಂಡಕ್ಕೂ ಒಂದು ಕಣ್ಣು ಕಮ್ಮಿ ಆಗುತ್ತೆ. ಬೇರೆಯವರು ಕೇಳ್ತಿದ್ದರೆ 'ಗೇಮ್ ಬಗ್ಗೆ ಮಾತಾಡಿ' ಅಂತ ಒಂದು ಮಾತು ನೀವೇ ಹೇಳಿ. ಅದಕ್ಕೂ ಬಗ್ಗದಿದ್ದರೆ ಮ್ಯೂಟ್, ರಿಪೋರ್ಟ್. ಆಕೆಯೇ ಹೇಳಲಿ ಅಂತ ಕಾಯಬೇಡಿ.

ಗೌರಿಬಿದನೂರಿನಿಂದ

ಕರೆಂಟ್ ಪ್ರಶ್ನೆಗೆ ಉತ್ತರ. ಸಂಜೆ ಕರೆಂಟ್ ಹೋಗಿ ಬರುವ ಊರಾಗಿದ್ದರೆ ನೀವು ಹೋಸ್ಟ್ ಆಗಬೇಡಿ. ಡೀಪ್ ರಾಕ್, ಸ್ಟಾರ್‌ಡ್ಯೂ ವ್ಯಾಲಿ ಇಂಥವುಗಳಲ್ಲಿ ಹೋಸ್ಟ್ ಕಂಪ್ಯೂಟರೇ ರೂಮು. ಅದು ಆರಿದರೆ ಎಲ್ಲರೂ ಹೊರಗೆ. ಸ್ಟಾರ್‌ಡ್ಯೂನಲ್ಲಿ ದಿನ ಮುಗಿದು ಮಲಗಿದಾಗ ಮಾತ್ರ ಸೇವ್ ಆಗುವುದು. ಆಟದ ಹತ್ತು ನಿಮಿಷಕ್ಕೆ ನಮ್ಮ ಏಳು ಸೆಕೆಂಡು, ಬೆಳಗ್ಗೆ ಆರರಿಂದ ರಾತ್ರಿ ಎರಡರವರೆಗೆ ಅಂದರೆ ಸುಮಾರು 14 ನಿಮಿಷ. ನಾಲ್ವರ ಅಷ್ಟೂ ಕೆಲಸ ಹೋಗುತ್ತದೆ.

ರೂಟರ್‌ಗೆ ಮಿನಿ ಯುಪಿಎಸ್ ಹಾಕಿ. ಕೊಳ್ಳುವ ಮುಂಚೆ ಅಡಾಪ್ಟರ್ ಮೇಲಿನ ಅಂಕಿ ನೋಡಿ, 12 ವೋಲ್ಟೋ 9 ವೋಲ್ಟೋ, ಎಷ್ಟು ಆಂಪ್ ಎಂದು. ವೋಲ್ಟ್ ಅದೇ ಇರಬೇಕು, ಆಂಪ್ ಅಷ್ಟೇ ಅಥವಾ ಹೆಚ್ಚು ಇರಬೇಕು. ಫೈಬರ್ ಸಂಪರ್ಕದಲ್ಲಿ ಕೆಲವು ಮನೆಗಳಲ್ಲಿ ಎರಡು ಪೆಟ್ಟಿಗೆ ಇರುತ್ತವೆ, ಒಂದು ಫೈಬರ್‌ನದು, ಇನ್ನೊಂದು ವೈಫೈನದು. ವೈಫೈ ಪೆಟ್ಟಿಗೆಗೆ ಮಾತ್ರ ಬ್ಯಾಕಪ್ ಇದ್ದರೆ ವೈಫೈ ಚಿಹ್ನೆ ಕಾಣುತ್ತದೆ, ನೆಟ್ ಇರುವುದಿಲ್ಲ.

ಫೋನ್‌ನಲ್ಲಿ ಆಡುವವರು 'ಡು ನಾಟ್ ಡಿಸ್ಟರ್ಬ್' ಹಾಕಿಕೊಳ್ಳಿ, ಕರೆ ಬಂದರೆ ಆಟದ ಮೈಕ್ ನಿಂತುಹೋಗುತ್ತದೆ. ಎದ್ದು ಹೋಗಲೇಬೇಕಾದರೆ 'ಎಎಫ್‌ಕೆ 5' ಎಂದು ಹಾಕಿ, ಅಂದರೆ ಐದು ನಿಮಿಷ ಆಟ ಬಿಟ್ಟು ಎದ್ದು ಹೋಗಿದ್ದೇನೆ ಎಂದು. ಬರೀ 'ಎಎಫ್‌ಕೆ' ಅಂದರೆ ಎಷ್ಟು ಹೊತ್ತು ಕಾಯಬೇಕು ಎಂದು ತಿಳಿಯುವುದಿಲ್ಲ.

ಕೆಜಿಎಫ್‌ನಿಂದ

ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಎಲ್ಲ ತಪ್ಪನ್ನೂ ಹೊಸಬರ ತಲೆಗೇ ಕಟ್ಟಬೇಡಿ. ಹೋಸ್ಟ್‌ಗೆ ಕಿಕ್ ಮಾಡುವ ಅಧಿಕಾರ ಇದೆ, ನಿಜ. ಆದರೆ 'ಒಂದೇ ಪೊಟ್ಟಣ ತಗೊಳ್ಳಿ' ಅಂತ ಬರೆಯಲು ಐದು ಸೆಕೆಂಡು ಸಾಕು. ಹೇಳಿದ ಮೇಲೂ ಎರಡನೇ ಸಲ ತೆಗೆದರೆ ಕಿಕ್ ಮಾಡಿ. ಕಷ್ಟದ ಮಟ್ಟದಲ್ಲಿ ಅನುಭವಿಗಳೇ ಬೇಕಿದ್ದರೆ ಅದನ್ನು ರೂಮಿನ ಹೆಸರಲ್ಲೇ ಹಾಕಬಹುದು. ಮಿಷನ್ ಮುಗಿಯಲು ಎರಡು ನಿಮಿಷ ಇದ್ದಾಗ ಕಿಕ್ ಮಾಡುವುದು ಅನ್ಯಾಯ, ಅರ್ಧ ಗಂಟೆ ದುಡಿದವರನ್ನು ಕೂಲಿ ಕೊಡದೆ ಕಳಿಸಿದ ಹಾಗೆ.

ಮುಳಬಾಗಿಲಿನಿಂದ

ಒಪ್ತೀನಿ. ಶಿರಾದವರಿಗೆ ಇದರ ಜೊತೆ ಇನ್ನೊಂದು: ರೂಮಿಗೆ ಸೇರಿದ ಕೂಡಲೇ 'ಹೊಸಬ, ತಪ್ಪಾದರೆ ಹೇಳಿ' ಅಂತ ಒಂದು ಸಾಲು ಹಾಕಿ. ಹಾಗೆ ಹೇಳಿದವರಿಗೆ ಹೇಳಿಕೊಡೋರೇ ಹೆಚ್ಚು.

ಕೊರಟಗೆರೆಯಿಂದ

ಮೈನ್‌ಕ್ರಾಫ್ಟ್ ಉಳಿದಿದೆ. ಅಲ್ಲಿ ಆಟ ಅರ್ಧ ಗಂಟೆಗೆ ಮುಗಿಯಲ್ಲ, ತಿಂಗಳುಗಟ್ಟಲೆ ಅದೇ ಊರಲ್ಲಿ ಇರಬೇಕು. ಹಾಗಾಗಿ ನಮ್ಮೂರ ಹೊಲಗದ್ದೆಯ ನಡತೆಯೇ ಅಲ್ಲಿಗೂ ಸರಿ.

ಇನ್ನೊಬ್ಬರ ಹೊಲದಲ್ಲಿ ನೆಗೆಯಬೇಡಿ. ನೆಗೆದರೆ ಉತ್ತ ನೆಲ ಬರೀ ಮಣ್ಣಾಗಿ ಬೆಳೆ ಕಿತ್ತುಬರುತ್ತೆ. ನಡೆದರೆ ಏನೂ ಆಗಲ್ಲ. ಗೋಧಿ ಹಸಿರಿರುವಾಗ ಕಿತ್ತರೆ ಸಿಗೋದು ಒಂದೇ ಬೀಜ. ತೆನೆ ಹೊಂಬಣ್ಣಕ್ಕೆ ತಿರುಗಿದ ಮೇಲೆ ಕುಯ್ಯಿರಿ, ಕುಯ್ದ ಜಾಗದಲ್ಲಿ ಅಲ್ಲೇ ಮತ್ತೆ ಬಿತ್ತಿ. ಮರ ಕಡಿದರೆ ಬುಡದಿಂದ ತುದಿವರೆಗೂ ಕಡಿದು ಸಸಿ ನೆಡಿ, ಕಾಂಡವನ್ನು ಗಾಳಿಯಲ್ಲಿ ತೇಲಾಡಿಸಿ ಹೋಗಬೇಡಿ. ಕೊಟ್ಟಿಗೆಯಲ್ಲಿ ಕನಿಷ್ಠ ಎರಡು ಹಸು ಉಳಿಸಿ. ಒಂದೇ ಉಳಿದರೆ ಮರಿ ಹಾಕಿಸೋಕೆ ಆಗಲ್ಲ. ಹುಟ್ಟಿದ ಕರು ದೊಡ್ಡದಾಗೋಕೆ 20 ನಿಮಿಷ ಬೇಕು. ಕ್ರೀಪರ್ ಅನ್ನೋ ರಾಕ್ಷಸ ಸಿಡಿದು ಗುಂಡಿ ಬಿದ್ದರೆ, ಅದು ನಿಮ್ಮನ್ನು ಅಟ್ಟಿಸಿಕೊಂಡು ಬಂದಿದ್ದರೆ, ಮುಚ್ಚೋ ಕೆಲಸ ನಿಮ್ಮದು.

ಯಾರಾದರೂ ಸತ್ತರೆ ಅವರ ಸಾಮಾನು ನೆಲದ ಮೇಲೆ ಐದು ನಿಮಿಷ ಮಾತ್ರ ಇರುತ್ತೆ. ಹತ್ತಿರ ಇದ್ದರೆ ಎತ್ತಿಟ್ಟುಕೊಂಡು 'ನಿಮ್ಮದು ನನ್ನ ಹತ್ರ ಇದೆ' ಅಂತ ಚಾಟ್‌ನಲ್ಲಿ ಹೇಳಿ. ಹೇಳದೆ ಎತ್ತಿದರೆ ಕದ್ದ ಹಾಗೆ ಕಾಣುತ್ತೆ.

ಇನ್ನು ಹಾಸಿಗೆ. ಎಲ್ಲರೂ ಮಲಗಿದರೇನೇ ಬೆಳಗಾಗೋ ಸರ್ವರ್‌ಗಳಿವೆ. ಮೂವರು ಹಾಸಿಗೆಯಲ್ಲಿ ಕಾಯ್ತಿರುವಾಗ ನೀವು ಗಣಿಯ ಆಳದಲ್ಲಿದ್ದರೆ ಅವರಿಗೆ ರಾತ್ರಿ ಮುಗಿಯಲ್ಲ. ಅದಕ್ಕೆ ಮೂರು ಉಣ್ಣೆ, ಮೂರು ಹಲಗೆಯಲ್ಲಿ ಒಂದು ಹಾಸಿಗೆ ಮಾಡಿ ಜೊತೆಯಲ್ಲೇ ಇಟ್ಟುಕೊಳ್ಳಿ. ಇನ್ನೊಬ್ಬರ ಹಾಸಿಗೆಯನ್ನು ಒಡೆದು ಒಯ್ಯಬೇಡಿ. ಒಡೆದರೆ ಅವರು ಮುಂದಿನ ಸಲ ಸತ್ತಾಗ ಮನೆಯಲ್ಲಿ ಏಳಲ್ಲ, ಲೋಕ ಶುರುವಾದ ಜಾಗದಲ್ಲಿ ಏಳ್ತಾರೆ. ಅದು ಸಾವಿರಾರು ಬ್ಲಾಕ್ ದೂರ ಇದ್ದರೆ ಐದು ನಿಮಿಷದೊಳಗೆ ಸಾಮಾನಿನ ಹತ್ರ ತಲುಪೋಕೆ ಆಗಲ್ಲ.

ಶಿರಾದಿಂದ

ಪೊಟ್ಟಣ ಎರಡು ತೆಗೀತಿದ್ದದ್ದು ನಿಜ. ಇನ್ನೊಂದೇ ಪ್ರಶ್ನೆ: ಮಧ್ಯೆ ಊಟಕ್ಕೆ ಕರೆದರೆ?

ತಿಪಟೂರಿನಿಂದ

ಪಂಕ್ತಿಯಲ್ಲಿ ಕೂತ ಮೇಲೆ ಪಕ್ಕದವರ ಊಟ ಮುಗಿಯದೆ ಏಳುವುದಿಲ್ಲವಲ್ಲ, ಹಾಗೆ. ಲೆಫ್ಟ್ 4 ಡೆಡ್‌ನಲ್ಲಿ ಸೇಫ್ ರೂಮ್ ತಲುಪಿ, ಬಾಗಿಲು ಹಾಕಿ, ಮುಂದಿನ ಭಾಗ ಶುರುವಾದ ಮೇಲೆ ಹೇಳಿ ಹೊರಡಿ. ಹೊರಡುವ ಮುಂಚೆ ಕೈಯಲ್ಲಿರುವ ಮಾತ್ರೆಯನ್ನು ಗೆಳೆಯರಿಗೆ ದಾಟಿಸಿ. ಮನೆಯವರಿಗೆ ಮೊದಲೇ 'ಇಷ್ಟು ಹೊತ್ತಿಗೆ ಮುಗಿಯುತ್ತೆ' ಎಂದು ಹೇಳಿರಿ. ಒಂದು ಪೂರ್ತಿ ಕ್ಯಾಂಪೇನ್‌ಗೆ (ಎಲ್ಲ ಭಾಗ ಸೇರಿದ ಒಂದು ಕಥೆಗೆ) ಒಂದು ಗಂಟೆ ಇಟ್ಟುಕೊಳ್ಳಿ.