ಓಪನ್ ಸೋರ್ಸ್ ಯೋಜನೆಗೆ ಪ್ರೆಸ್ ಕಿಟ್: ಕೇಳಿ, ಉತ್ತರ ಸಿಗುತ್ತೆ (ಮೈಸೂರು–ಮಂಡ್ಯ ಗುಂಪು)

ಅಡ್ಮಿನ್: ಪ್ರೆಸ್ ಕಿಟ್ ಅಂದರೆ ಸುದ್ದಿ ಬರೆಯಲೆಂದು ಪತ್ರಿಕೆಗಳಿಗೆ ಕೊಡುವ ಮಾಹಿತಿ, ಚಿತ್ರಗಳ ಕಟ್ಟು. ಓಪನ್ ಸೋರ್ಸ್ ಅಂದರೆ ಕೋಡ್ ಎಲ್ಲರಿಗೂ ಮುಕ್ತವಾಗಿರುವ ತಂತ್ರಾಂಶ. ಪ್ರಶ್ನೆಗಳನ್ನು ಈ ಪೋಸ್ಟ್‌ನ ಕೆಳಗೇ ಹಾಕಿ. ಪತ್ರಿಕೆಯ ಡೆಸ್ಕ್ ಕೆಲಸ, ಓಪನ್ ಸೋರ್ಸ್ ಪ್ರಚಾರ ಎರಡೂ ಬಲ್ಲ ಡೆಸ್ಕ್ ಮೇಡಂ ಉತ್ತರಿಸುತ್ತಾರೆ. ಮೇಲಿನ ಉತ್ತರಗಳನ್ನು ಓದಿ ಆಮೇಲೆ ಕೇಳಿ.

ಸರಸ್ವತಿಪುರಂ: ಮೇಡಂ, ನಮ್ಮದು ಕನ್ನಡ ಕಾಗುಣಿತ ತಿದ್ದುವ ಸಣ್ಣ ತಂತ್ರಾಂಶ. ಹೊಸ ಆವೃತ್ತಿ ಬಿಡ್ತಾ ಇದ್ದೀವಿ. ಕಿಟ್‌ನಲ್ಲಿ ಏನೇನಿರಬೇಕು?

ಡೆಸ್ಕ್ ಮೇಡಂ: ರಾತ್ರಿ ಪುಟ ಕಟ್ಟುವ ಉಪಸಂಪಾದಕರು ನಿಮಗೆ ಫೋನ್ ಮಾಡದೆಯೇ ಸುದ್ದಿ ಮುಗಿಸುವಂತಿರಬೇಕು. ಅದಕ್ಕೆ ಒಂದು ಪುಟದ ಮಾಹಿತಿ ಹಾಳೆ ಬೇಕು: ತಂತ್ರಾಂಶದ ಹೆಸರು, ಅದನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು, ಏನು ಕೆಲಸ ಮಾಡುತ್ತದೆ, ಯಾವುದರಲ್ಲಿ ನಡೆಯುತ್ತದೆ, ಮೊದಲ ಆವೃತ್ತಿಯ ವರ್ಷ, ಲೈಸೆನ್ಸ್, ಕೋಡ್ ಸಿಗುವ ವಿಳಾಸ, ಖರ್ಚಿನ ಹಣ ಎಲ್ಲಿಂದ. ಪರಿಚಯ 50 ಪದಗಳಲ್ಲೊಂದು, 150 ಪದಗಳಲ್ಲೊಂದು ಬರೆದಿಡಿ. ಜಾಗ ಇದ್ದಷ್ಟು ಹಾಕಿಕೊಳ್ಳುತ್ತಾರೆ. ಲೋಗೋ, ಮೂರು ನಾಲ್ಕು ಸ್ಕ್ರೀನ್‌ಶಾಟ್, ತಂಡದ ಒಂದೆರಡು ಫೋಟೋ. ಫೋಟೋಗೆ ಎಡದಿಂದ ಬಲಕ್ಕೆ ಹೆಸರು ಮತ್ತು ತೆಗೆದವರ ಹೆಸರು ಇಲ್ಲದಿದ್ದರೆ ಅದು ಅಚ್ಚಾಗುವುದಿಲ್ಲ. ಫೋನ್ ಎತ್ತುವ ಇಬ್ಬರ ನಂಬರ್ ಕೊಡಿ, ಅವರ ಒಪ್ಪಿಗೆ ಪಡೆದು.

‘ದೇಶದಲ್ಲೇ ಮೊದಲು’, ‘ಕ್ರಾಂತಿಕಾರಿ’ ಬೇಡ. ಡೆಸ್ಕ್ ಅದನ್ನು ಹೊಡೆದುಹಾಕಿ, ಉಳಿದದ್ದನ್ನೂ ಅನುಮಾನದಿಂದ ನೋಡುತ್ತದೆ. ಜಿಪ್ ಒಂದನ್ನೇ ಕೊಡಬೇಡಿ. ಸ್ಥಳದಲ್ಲಿರುವ ವರದಿಗಾರರು ಫೋನಿನಲ್ಲೇ ನೋಡುತ್ತಾರೆ, ಒಂದೊಂದು ಕಡತವೂ ಬಿಡಿಯಾಗಿ ಇಳಿಯಬೇಕು.

ಮದ್ದೂರು: ನಮ್ ಲೋಗೋ ಪೇಪರ್‌ನಲ್ಲಿ ಮಸುಕಾಗಿ ಬಂತು ಮೇಡಂ. ವಾಟ್ಸ್ಆ್ಯಪ್‌ನಲ್ಲೇ ಕಳ್ಸಿದ್ವಿ.

ಡೆಸ್ಕ್ ಮೇಡಂ: ಫೋಟೋ ಅಂತ ಕಳಿಸಿದರೆ ವಾಟ್ಸ್ಆ್ಯಪ್ ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ. ಲೋಗೋ ಎಸ್‌ವಿಜಿ, ಪಿಡಿಎಫ್, ಹಿನ್ನೆಲೆ ಇಲ್ಲದ ಪಿಎನ್‌ಜಿ ಮೂರರಲ್ಲೂ ಇರಲಿ. ಲೋಗೋದಲ್ಲಿ ಕನ್ನಡ ಅಕ್ಷರ ಇದ್ದರೆ ಚಿತ್ರ ಬರೆಯುವ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ ‘ಆಬ್ಜೆಕ್ಟ್ ಟು ಪಾತ್’ ಮಾಡಿ, ಅಕ್ಷರ ಗೆರೆಯ ಚಿತ್ರವಾಗುತ್ತದೆ. ನಿಮ್ಮ ಫಾಂಟ್ ಅವರ ಕಂಪ್ಯೂಟರಲ್ಲಿ ಇರುವುದಿಲ್ಲ, ಬೇರೆ ಫಾಂಟ್ ಬಂದು ಕೂತರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ನಿಲ್ಲುತ್ತದೆ. ತಿದ್ದಲು ಬರುವ ಮೂಲ ಪ್ರತಿ ಬೇರೆ ಇಟ್ಟುಕೊಳ್ಳಿ. ಬರೀ ಕಪ್ಪು ಬಣ್ಣದ ಲೋಗೋ ಒಂದು ಕಡ್ಡಾಯ, ಒಳಪುಟಗಳು ಕಪ್ಪು–ಬಿಳುಪು ಇರಬಹುದು. ಅದನ್ನು 2 ಸೆಂ.ಮೀ. ಅಗಲಕ್ಕೆ ಪ್ರಿಂಟ್ ತೆಗೆದು ನೋಡಿ. ಓದಲಾಗದಿದ್ದರೆ ಅಡಿಬರಹ ತೆಗೆಯಿರಿ.

ಕುವೆಂಪುನಗರ: ಇಷ್ಟೆಲ್ಲ ಯಾಕೆ? ಇದು ನೋಡಿ, ಫಾರ್ವರ್ಡ್ ಬಂದಿದ್ದು: ‘ಯಾವುದೇ ಚಿತ್ರವನ್ನು 72ರಿಂದ 300 ಡಿಪಿಐ ಮಾಡಿ, ಪ್ರಿಂಟ್‌ಗೆ ಸಿದ್ಧ!’

ಡೆಸ್ಕ್ ಮೇಡಂ: ಸುಳ್ಳು. ಡಿಪಿಐ ಎಂದರೆ ಅಚ್ಚಿನಲ್ಲಿ ಒಂದು ಅಂಗುಲಕ್ಕೆ ಎಷ್ಟು ಚುಕ್ಕೆ ಎಂಬ ಲೆಕ್ಕ. ಆ ಸಂಖ್ಯೆ ಬದಲಿಸಿದರೆ ಚಿತ್ರದ ಚುಕ್ಕೆ, ಅಂದರೆ ಪಿಕ್ಸೆಲ್, ಹೊಸದಾಗಿ ಹುಟ್ಟುವುದಿಲ್ಲ. 640 ಪಿಕ್ಸೆಲ್ ಅಗಲದ ಚಿತ್ರ 300 ಡಿಪಿಐನಲ್ಲಿ 5.4 ಸೆಂ.ಮೀ. ಬರುತ್ತದೆ, ಅಷ್ಟೇ. ಹಿಗ್ಗಿಸಿದರೆ ತಂತ್ರಾಂಶ ಊಹಿಸಿ ತುಂಬುತ್ತದೆ, ಸ್ಕ್ರೀನ್‌ಶಾಟ್‌ನ ಅಕ್ಷರ ಕಲಸಿಹೋಗುತ್ತದೆ. ಸುದ್ದಿಕಾಗದಕ್ಕೆ 200 ಡಿಪಿಐ ಸಾಕು. 1920 ಪಿಕ್ಸೆಲ್ ಇದ್ದರೆ 24 ಸೆಂ.ಮೀ. ಆರಾಮವಾಗಿ ಸಿಗುತ್ತದೆ. ಆ ಫಾರ್ವರ್ಡ್ ಅಳಿಸಿ.

ಕೆ.ಆರ್. ಪೇಟೆ: ಲೋಗೋ ಜೆಪಿಜಿ ಸಾಕಾ ಮೇಡಂ?

ಡೆಸ್ಕ್ ಮೇಡಂ: ಸಾಲದು. ಮದ್ದೂರಿನವರಿಗೆ ಬರೆದದ್ದು ಓದಿ.

ಮಂಡ್ಯ ನಾಲೆ: ನಮಸ್ಕಾರ ಮೇಡಂ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನಲ್ಲಿ ಕಟ್ಟು ನೀರಿನ ಸರದಿ ಬರೆದಿಡೋ ಆ್ಯಪ್ ನಮ್ದು. ಯಾರ ಗದ್ದೆಗೆ ಯಾವತ್ತು ನೀರು ಅಂತ ತೋರಿಸ್ತದೆ. ಕಿಟ್‌ಗೆ ಆರು ಸ್ಕ್ರೀನ್‌ಶಾಟ್ ಹಾಕಿ, ಕೋಡ್ ಹಂಚೋ ತಾಣ ಗಿಟ್‌ಹಬ್‌ಗೆ ಏರಿಸಿದೀವಿ. ನಿಜವಾದ ಪಟ್ಟಿನೇ ಇದೆ, ನಂಬಿಕೆ ಬರ್ಲಿ ಅಂತ. ಸರಿ ಇದೆಯಾ ನೋಡಿ.

ಡೆಸ್ಕ್ ಮೇಡಂ: ನೋಡಿದೆ. ಇದು ಸರಿಯಿಲ್ಲ, ಇವತ್ತೇ ಸರಿಪಡಿಸಬೇಕು. ಎರಡನೇ ಚಿತ್ರದಲ್ಲಿ ರೈತರ ಹೆಸರು, ಮೊಬೈಲ್ ನಂಬರ್, ಸರ್ವೆ ನಂಬರ್ ಒಂದೇ ಸಾಲಿನಲ್ಲಿವೆ. ಐದನೆಯದರಲ್ಲಿ ಒಬ್ಬರ ಸರದಿ ತಪ್ಪಿದ್ದಕ್ಕೆ ಬರೆದ ದೂರು ಹಾಗೇ ಇದೆ. ನೀರಿನ ಸರದಿಗೆ ಊರಲ್ಲಿ ಜಗಳ ಆಗುತ್ತದೆ ಎಂದು ನಿಮಗೇ ಚೆನ್ನಾಗಿ ಗೊತ್ತು. ಯಾರು ಯಾರ ಮೇಲೆ ದೂರು ಕೊಟ್ಟರು ಎಂಬುದು ಪೇಪರಿನಲ್ಲಿ ಬಂದರೆ ಅನುಭವಿಸುವವರು ಅವರು. ಪ್ರೆಸ್ ಕಿಟ್ ಎಂದರೆ ‘ತೆಗೆದುಕೊಂಡು ಅಚ್ಚುಹಾಕಿ’ ಎಂದು ನೀವೇ ಕೊಟ್ಟ ಅನುಮತಿ, ಆಮೇಲೆ ಪತ್ರಿಕೆಯನ್ನು ದೂರುವಂತಿಲ್ಲ.

ಆ ಹೆಸರು, ನಂಬರ್‌ಗಳ ಮೇಲೆ ಕಪ್ಪು ಪಟ್ಟಿ ಎಳೆಯಲು ಹೋಗಬೇಡಿ. ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲಿ ಪಟ್ಟಿ ಇಟ್ಟು ಪಿಡಿಎಫ್ ಮಾಡಿದರೆ ಅಡಿಯ ಚಿತ್ರ ಒಳಗೇ ಉಳಿಯುತ್ತದೆ. ವರ್ಡ್‌ನಲ್ಲಿ ಕ್ರಾಪ್ ಮಾಡಿದರೂ, ಕತ್ತರಿಸಿದ ಭಾಗ ಅಳಿಸು ಎಂದು ಬೇರೆಯಾಗಿ ಹೇಳದಿದ್ದರೆ ಕಡತದಲ್ಲೇ ಇರುತ್ತದೆ. ಗೂಗಲ್‌ನ ಪಿಕ್ಸೆಲ್ ಫೋನಿನ ಮಾರ್ಕಪ್ ಸಾಧನ ಕ್ರಾಪ್ ಮಾಡಿದ ಭಾಗವನ್ನು ಕಡತದಲ್ಲಿ ಬಿಡುತ್ತಿತ್ತೆಂದು 2023ರಲ್ಲಿ ಬಯಲಾಯಿತು. ಬ್ಲರ್ ಮಾಡಿದ ಅಂಕಿಗಳನ್ನು ಊಹಿಸಿ ತೆಗೆಯಬಹುದು. ಹಾಗಾಗಿ ಸುಳ್ಳು ಹೆಸರು, ‘0000000000’ ಥರದ ನಂಬರ್ ಇರುವ ಮಾದರಿ ಡೇಟಾಬೇಸ್ ತುಂಬಿ, ಹೊಸದಾಗಿಯೇ ಸ್ಕ್ರೀನ್‌ಶಾಟ್ ತೆಗೆಯಿರಿ. ‘ಮಾದರಿ ಮಾಹಿತಿ’ ಎಂದು ಅಡಿಬರಹ ಕೊಡಿ, ನಂಬಿಕೆ ಅದರಿಂದಲೇ ಬರುತ್ತದೆ. ಗದ್ದೆಯ ಫೋಟೋಗಳಲ್ಲಿ ಜಿಪಿಎಸ್ ಸ್ಥಳ ಇರಬಹುದು, ಎಕ್ಸಿಫ್‌ಟೂಲ್ ಎಂಬ ತಂತ್ರಾಂಶದಿಂದ ಎಲ್ಲ ಮೆಟಾಡೇಟಾ (ಕಡತದೊಳಗೆ ಅಡಗಿದ ಮಾಹಿತಿ) ತೆಗೆಯಿರಿ.

ಇನ್ನು ಗಿಟ್, ಅಂದರೆ ಕಡತಗಳ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಸಾಧನ. ಚಿತ್ರ ಅಳಿಸಿ ಹೊಸ ಕಮಿಟ್ (ಬದಲಾವಣೆಯ ದಾಖಲೆ) ಹಾಕಿದರೆ ಹಳೆ ಕಮಿಟ್‌ನಲ್ಲಿ ಅದು ಹಾಗೇ ಇರುತ್ತದೆ. ಮೊದಲು ರೆಪೊವನ್ನು (ಯೋಜನೆಯ ಕಡತಗಳ ಕಣಜ) ಪ್ರೈವೇಟ್ ಮಾಡಿ. ಹೊಸದಾಗಿ ಕ್ಲೋನ್ ಮಾಡಿ, ಆ ಪ್ರತಿಯಲ್ಲಿ ಗಿಟ್ ಫಿಲ್ಟರ್-ರೆಪೊ ಎಂಬ ಸಾಧನ ಓಡಿಸಿ ಆ ಕಡತಗಳನ್ನು ಇತಿಹಾಸದಿಂದಲೇ ತೆಗೆಯಿರಿ. ಕಡತದ ಹೆಸರು ನಡುವೆ ಬದಲಾಗಿದ್ದರೆ ಹಳೆ ಹೆಸರನ್ನೂ ಕೊಡಿ. ಆ ಸಾಧನ ಒರಿಜಿನ್ ರಿಮೋಟ್, ಅಂದರೆ ಗಿಟ್‌ಹಬ್‌ನ ವಿಳಾಸ, ತೆಗೆದುಹಾಕುತ್ತದೆ, ಮತ್ತೆ ಸೇರಿಸಿ, ಎಲ್ಲ ಬ್ರಾಂಚ್, ಟ್ಯಾಗ್‌ಗಳನ್ನೂ ಫೋರ್ಸ್ ಪುಶ್ ಮಾಡಿ (ಹಳೆಯದರ ಮೇಲೆ ಬರೆದು ಏರಿಸಿ). ಪುಲ್ ರಿಕ್ವೆಸ್ಟ್‌ಗಳಲ್ಲಿ (ಸೇರಿಸಿಕೊಳ್ಳಿ ಎಂದು ಕಳಿಸಿದ ಬದಲಾವಣೆಗಳು) ಉಳಿದದ್ದು ನಿಮ್ಮ ಕೈಯಿಂದ ಹೋಗುವುದಿಲ್ಲ, ಗಿಟ್‌ಹಬ್ ಸಪೋರ್ಟ್‌ಗೆ ಬರೆಯಬೇಕು. ಕೆಲಸ ಮಾಡುವವರೆಲ್ಲ ಹಳೆ ಪ್ರತಿ ಬಿಟ್ಟು ಹೊಸ ಕ್ಲೋನ್ ತೆಗೆದುಕೊಳ್ಳಬೇಕು. ಒಬ್ಬರು ಹಳೆಯದರಿಂದ ಪುಶ್ ಮಾಡಿದರೂ ಎಲ್ಲ ವಾಪಸ್ ಬರುತ್ತದೆ. ಯಾರಾದರೂ ಫೋರ್ಕ್ (ತಮ್ಮ ಖಾತೆಗೆ ಪ್ರತಿ) ಮಾಡಿದ್ದರೆ ಅವರನ್ನು ಕೇಳಿ ತೆಗೆಸಿ.

ಮಂಡ್ಯ ನಾಲೆ: ಪ್ರೈವೇಟ್ ಮಾಡ್ದೆ ಮೇಡಂ. ಮೂರು ಫೋರ್ಕ್ ಅವೆ.

ವಿಜಯನಗರ: ಲೋಗೋಗೆ ಯಾವ ಲೈಸೆನ್ಸ್ ಹಾಕಬೇಕು?

ಡೆಸ್ಕ್ ಮೇಡಂ: ಫೋಟೋ, ಬರಹಕ್ಕೆ ಸಿಸಿ ಬೈ 4.0, ಅಂದರೆ ಹೆಸರು ಹೇಳಿ ಯಾರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್. ‘ಎನ್‌ಸಿ’ (ವಾಣಿಜ್ಯ ಬಳಕೆ ಇಲ್ಲ) ಹಾಕಬೇಡಿ, ಪತ್ರಿಕೆ ಮಾರಾಟದ ಸರಕು, ಹಿಂಜರಿಯುತ್ತಾರೆ. ವಿಕಿಪೀಡಿಯದ ಚಿತ್ರಗಳ ತಾಣ ವಿಕಿಮೀಡಿಯ ಕಾಮನ್ಸ್ ಕೂಡ ತೆಗೆದುಕೊಳ್ಳುವುದಿಲ್ಲ. ಲೋಗೋ ಬಳಕೆಯ ನಿಯಮ ಬೇರೆ ಅರ್ಧ ಪುಟ ಬರೆಯಿರಿ.

ಗೋಕುಲಂ: ಲೋಗೋಗೆ ಬೇರೆ ನಿಯಮ ಯಾಕೆ? ಕೋಡ್ ಮುಕ್ತ, ಲೋಗೋ ಬೀಗ ಹಾಕಿಟ್ಟರೆ ಅದು ಯಾವ ಸೀಮೆ ಸಮುದಾಯದ ಯೋಜನೆ?

ವಿಜಯನಗರ: ನಮ್ಮ ಹೆಸರಲ್ಲಿ ಯಾರೋ ವೈರಸ್ ತುಂಬಿದ ಆ್ಯಪ್ ಬಿಟ್ಟರೆ ಗೊತ್ತಾಗುತ್ತೆ ಯಾವ ಸೀಮೆ ಅಂತ.

ಗೋಕುಲಂ: ಫೈರ್‌ಫಾಕ್ಸ್ ಬ್ರೌಸರ್ ಕಥೆ ಗೊತ್ತಾ? ಲೋಗೋ, ಹೆಸರಿನ ನಿಯಮಕ್ಕೇ ಡೆಬಿಯನ್ ಅನ್ನೋ ಲಿನಕ್ಸ್‌ನವರು 2006ರಲ್ಲಿ ಅದನ್ನು ಐಸ್‌ವೀಸಲ್ ಅಂತ ಕರೆದು, 2016ರವರೆಗೆ ಹಾಗೇ ನಡೆಸಿದರು. ಹತ್ತು ವರ್ಷ ಬಳಸುವವರಿಗೆ ಗೊಂದಲ.

ವಿಜಯನಗರ: ಅದೇ ಡೆಬಿಯನ್ ಹತ್ತಿರ ಎರಡು ಲೋಗೋ ಇವೆ, ಒಂದು ಎಲ್ಲರಿಗೂ, ಇನ್ನೊಂದಕ್ಕೆ ನಿರ್ಬಂಧ. ಅರ್ಧ ಓದಿ ಪಾಠ ಹೇಳಬೇಡಿ.

ಗೋಕುಲಂ: ಅರ್ಧ ಓದಿದ್ದು ಯಾರು ಅಂತ ಎಲ್ಲರಿಗೂ ಕಾಣ್ತಿದೆ ಸ್ವಾಮಿ.

ಡೆಸ್ಕ್ ಮೇಡಂ: ಇಬ್ಬರೂ ಕೃತಿಸ್ವಾಮ್ಯ, ಟ್ರೇಡ್‌ಮಾರ್ಕ್ ಎರಡನ್ನೂ ಕಲಸುತ್ತಿದ್ದೀರಿ. ಚಿತ್ರಕ್ಕೆ ಮುಕ್ತ ಲೈಸೆನ್ಸ್ ಕೊಟ್ಟೂ, ಬದಲಿಸಿದ ಆವೃತ್ತಿಯನ್ನು ಇದೇ ಹೆಸರಲ್ಲಿ ಹಂಚಬೇಡಿ ಎನ್ನಬಹುದು. ಸುದ್ದಿಯಲ್ಲಿ ಬಳಸಲು ಅನುಮತಿ ಕೇಳಬೇಕಿಲ್ಲ ಎಂದು ಒಂದು ವಾಕ್ಯ ಬರೆದರೆ ಕಿಟ್‌ನ ಮಟ್ಟಿಗೆ ಮುಗಿಯಿತು. ಉಳಿದದ್ದನ್ನು ಬೇರೆ ಕಡೆ ಮುಂದುವರಿಸಿ.

ಹೂಟಗಳ್ಳಿ: ಪತ್ರಕರ್ತರ ಭವನದಲ್ಲಿ ಪತ್ರಿಕಾಗೋಷ್ಠಿ ಮಾಡೋದಾ, ಮೇಲ್ ಸಾಕಾ?

ಪಾಂಡವಪುರ: ಪತ್ರಿಕೆಯವರು ಪಠ್ಯವನ್ನ ನುಡಿ ಅನ್ನೋ ಹಳೆ ಫಾಂಟ್‌ನಲ್ಲೇ ಕೇಳ್ತಾರೆ. ‘ಆನ್‌ಲೈನ್ ಕನ್ವರ್ಟರ್‌ಗೆ ಹಾಕಿ ಕಳ್ಸಿ, ಮುಗೀತು’ ಅಂತ ಮೆಸೇಜ್ ಬಂದಿತ್ತು.

ಡೆಸ್ಕ್ ಮೇಡಂ: ಮುಗಿಯುವುದಿಲ್ಲ. ಹಳೆ ಫಾಂಟ್‌ಗೆ ಬದಲಿಸುವಾಗ ಅರ್ಕಾವತ್ತು, ‘ರ‍್ಯಾಲಿ’ ಥರದ ಪದ, ಲ್ಯಾಟಿನ್ ಅಕ್ಷರದ ವಿಳಾಸ, ಆವೃತ್ತಿ ಸಂಖ್ಯೆ ಕೆಡುತ್ತವೆ. ಡೌನ್‌ಲೋಡ್ ವಿಳಾಸದಲ್ಲಿ ಒಂದು ಅಕ್ಷರ ಕೆಟ್ಟರೂ ಸುದ್ದಿ ಬಂದೂ ಪ್ರಯೋಜನವಿಲ್ಲ. ಯೂನಿಕೋಡ್ ಪಠ್ಯ ಕೊಡಿ, ಜೊತೆಗೆ ಫಾಂಟ್ ಒಳಗೊಂಡ ಪಿಡಿಎಫ್ ಕೊಡಿ. ಅವರೇ ಬದಲಿಸಿ ಅದಕ್ಕೆ ಹೋಲಿಸಿಕೊಳ್ಳುತ್ತಾರೆ.

ಕುವೆಂಪುನಗರ: ಎಐ ಆ್ಯಪ್‌ನಲ್ಲಿ ಚಿಕ್ಕ ಫೋಟೋ ದೊಡ್ಡದು ಮಾಡಬಹುದಂತೆ, ಈಗಷ್ಟೇ ಫಾರ್ವರ್ಡ್ ಬಂತು...

ಡೆಸ್ಕ್ ಮೇಡಂ: ಮುಖ, ಅಕ್ಷರ ಎರಡನ್ನೂ ಅದು ಕಟ್ಟಿ ಬರೆಯುತ್ತದೆ. ಸುದ್ದಿಚಿತ್ರಕ್ಕೆ ಬಳಸಬೇಡಿ. ಫಾರ್ವರ್ಡ್ ಹಾಕಬೇಡಿ ಎಂದು ಮತ್ತೆ ಹೇಳುವುದಿಲ್ಲ.

ಗೋಕುಲಂ: ಮೇಡಂ, ವಿಜಯನಗರದವರು ಇನ್ನೂ ಉತ್ತರ ಕೊಟ್ಟಿಲ್ಲ.

ವಿಜಯನಗರ: ಕೊಡೋ ಅಗತ್ಯ ಇಲ್ಲ.

ನಂಜನಗೂಡು: ಸ್ಟಾರ್ ಆಫ್ ಮೈಸೂರಿಗೆ ಯಾವಾಗ ಕಳಿಸಬೇಕು?

ಡೆಸ್ಕ್ ಮೇಡಂ: ಸಂಜೆ ಪತ್ರಿಕೆ. ಬೆಳಗ್ಗೆಯೇ.

ಮಂಡ್ಯ ನಾಲೆ: ಫೋರ್ಕ್ ಮಾಡ್ದೋರಲ್ಲಿ ಇಬ್ರು ತೆಗೆದ್ರು. ಒಬ್ರು ಸಿಗ್ತಿಲ್ಲ. ಏನ್ ಮಾಡೋದು ಮೇಡಂ?

ಡೆಸ್ಕ್ ಮೇಡಂ: ಸಪೋರ್ಟ್‌ಗೆ ಬರೆಯುವ ಪತ್ರದಲ್ಲಿ ಆ ಫೋರ್ಕ್‌ನ ವಿಳಾಸ, ಕಮಿಟ್ ಸಂಖ್ಯೆ, ಅದರಲ್ಲಿ ಖಾಸಗಿ ಫೋನ್ ನಂಬರ್ ಇರುವುದು ಮೂರನ್ನೂ ಬರೆಯಿರಿ. ಕಿಟ್‌ನ ಹಳೆ ಲಿಂಕ್ ಯಾವ ವರದಿಗಾರರಿಗೆ ಹೋಗಿದೆಯೋ ಅವರಿಗೆ ಈಗಲೇ ಫೋನ್ ಮಾಡಿ, ಇಳಿಸಿಕೊಂಡ ಚಿತ್ರ ಬಳಸಬೇಡಿ ಎಂದು ಹೇಳಿ. ಆಮೇಲೆ ಆ ಪಟ್ಟಿಯಲ್ಲಿದ್ದ ರೈತರಿಗೆ, ದೂರು ಕೊಟ್ಟವರಿಗೆ ಮೊದಲು, ನೀವೇ ಹೋಗಿ ವಿಷಯ ತಿಳಿಸಿ.