ಬಿಷಪ್ ಕಾಲ್ಡ್‌ವೆಲ್: ಬಿಷಪ್ಪೋ, ಧರ್ಮಾಧ್ಯಕ್ಷರೋ?

ಗೆಳೆಯರೇ, ನಮಸ್ಕಾರ.

ರಾಬರ್ಟ್ ಕಾಲ್ಡ್‌ವೆಲ್ ಬಗ್ಗೆ ಒಂದು ಚಿಕ್ಕ ಪರಿಚಯ ಬರೆಯುತ್ತಿದ್ದೇನೆ. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದವರು ಅಂದರೆ ಇಲ್ಲಿ ಎಲ್ಲರಿಗೂ ಗೊತ್ತು. ನಾನು ಸಿಕ್ಕಿಹಾಕಿಕೊಂಡಿರುವುದು ವ್ಯಾಕರಣದಲ್ಲಲ್ಲ, ಅವರ ಹುದ್ದೆಯಲ್ಲಿ: 'ಬಿಷಪ್'ಗೆ ಕನ್ನಡದಲ್ಲಿ ಏನನ್ನಬೇಕು?

ಮೊದಲು 'ಧರ್ಮಾಧ್ಯಕ್ಷ' ಅಂತ ಬರೆದೆ. ಅದನ್ನು ಓದಿದ ಸ್ನೇಹಿತರೊಬ್ಬರು, "ಅದು ಕಥೋಲಿಕರ ಮಾತು, ಇವರು ಆಂಗ್ಲಿಕನ್ ಅಲ್ವಾ?" ಅಂದರು. ಹೌದು, ಇಂಗ್ಲೆಂಡಿನ ಚರ್ಚಿಗೆ ಸೇರಿದವರು. ಹಳೆಯ ಕನ್ನಡ ಬೈಬಲ್ ತೆಗೆದರೆ, ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ 'ಸಭಾಧ್ಯಕ್ಷ' ಅಂತಿದೆ. ಈಗ ಹಾಗೆ ಬರೆದರೆ ವಿಧಾನಸಭೆಯೇ ಕಣ್ಣ ಮುಂದೆ ಬರುತ್ತದೆ. ಗ್ರೀಕ್ ಮೂಲ 'ಎಪಿಸ್ಕೊಪೊಸ್', ಅಂದರೆ ಮೇಲಿನಿಂದ ನೋಡಿಕೊಳ್ಳುವವನು. ಪದಕ್ಕೆ ಪದ ಇಟ್ಟರೆ 'ಮೇಲ್ವಿಚಾರಕ'. ಹಾಸ್ಟೆಲ್ ವಾರ್ಡನ್ ನೆನಪಾದರು, ಬಿಟ್ಟೆ! ತಮಿಳಿನಲ್ಲೂ ಗೊಂದಲ ಕಡಿಮೆಯೇನಿಲ್ಲ. ಅಲ್ಲಿ ಕಥೋಲಿಕ ಬಿಷಪ್ 'ಆಯರ್', ದನಗಾಹಿ ಅನ್ನುವ ಹಳೆಯ ಪದ. 'ಪೇರಾಯರ್' ಅಂದರೆ ಕಥೋಲಿಕರಿಗೆ ಆರ್ಚ್‌ಬಿಷಪ್ (ಬಿಷಪ್ಪರಿಗಿಂತ ಮೇಲಿನವರು), ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಅವರಿಗೆ ಬರೀ ಬಿಷಪ್. ಹಾಗಾಗಿ ನನ್ನ ಓಟು 'ಬಿಷಪ್'ಗೇ.

ಇನ್ನೊಂದು ತೊಡಕಿದೆ. 'ಬಿಷಪ್ ಕಾಲ್ಡ್‌ವೆಲ್ 1856ರಲ್ಲಿ ವ್ಯಾಕರಣ ಬರೆದರು' ಅಂತ ಸಲೀಸಾಗಿ ಬರೆದುಬಿಡುತ್ತೇವೆ. ಆಗ ಅವರು ಬಿಷಪ್ ಆಗಿರಲೇ ಇಲ್ಲ. ತಿರುನೆಲ್ವೇಲಿ ಕಡೆಯ ಇಡೈಯಂಗುಡಿ ಅನ್ನುವ ಹಳ್ಳಿಯಲ್ಲಿ 1841ರಿಂದ ಪಾದ್ರಿಯಾಗಿದ್ದರು, ಅಷ್ಟೇ. ಬಿಷಪ್ ಆದದ್ದು 1877ರಲ್ಲಿ, ಕಲ್ಕತ್ತೆಯಲ್ಲಿ, ಅದೂ ಮದ್ರಾಸಿನ ಬಿಷಪ್ಪರ ಸಹಾಯಕರಾಗಿ. ತಿರುನೆಲ್ವೇಲಿಗೆ ತನ್ನದೇ ಡಯಾಸಿಸ್ (ಒಬ್ಬ ಬಿಷಪ್ಪರ ಆಡಳಿತ ಪ್ರದೇಶ) ಬಂದದ್ದು 1896ರಲ್ಲಿ. ಇವರು 1891ರಲ್ಲೇ ಕೊಡೈಕೆನಾಲಿನಲ್ಲಿ ತೀರಿಕೊಂಡಿದ್ದರು. ಹಾಗಿದ್ದ ಮೇಲೆ 'ತಿರುನೆಲ್ವೇಲಿಯ ಬಿಷಪ್' ಅನ್ನುವುದು ಪೂರ್ತಿ ಸರಿಯಲ್ಲ. 'ತಿರುನೆಲ್ವೇಲಿಯಲ್ಲಿದ್ದ ಸಹಾಯಕ ಬಿಷಪ್' ಅಂದರೆ ಸರಿ, ಆದರೆ ಕಿವಿಗೆ ಸಪ್ಪೆ.

ಕೊನೆಗೆ ಕ್ರಿಯಾಪದ. ಬಿಷಪ್ ಆಗುವಾಗ ಹಿರಿಯ ಬಿಷಪ್ಪರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಅದಕ್ಕೆ 'ಅಭಿಷೇಕ' ಅಂದರೆ ಎಣ್ಣೆ, ನೀರು ಸುರಿದ ಹಾಗೆ. 'ಪಟ್ಟ ಕಟ್ಟಿದರು' ಅಂದರೆ ರಾಜನಿಗೋ ಮಠಕ್ಕೋ ಹೊಂದುತ್ತದೆ. ಸದ್ಯಕ್ಕೆ 'ಬಿಷಪ್ ದೀಕ್ಷೆ ಪಡೆದರು' ಅಂತ ಇಟ್ಟಿದ್ದೇನೆ. ಸಿಎಸ್‌ಐ ಸಭೆಗಳಲ್ಲಿ ಬೆಳೆದವರು ಯಾರಾದರೂ ಇದ್ದೀರಾ? ನಿಮ್ಮ ಮನೆಯಲ್ಲಿ, ಚರ್ಚಿನಲ್ಲಿ ಹಿರಿಯರು ಇದಕ್ಕೆ ಏನನ್ನುತ್ತಾರೆ?